ಎಚ್‌ಎಂಎಸ್ ಬರ್ನ್‌ಬೆಕ್ ಎಲ್ಲಿ ಮುಳುಗಿತು?

ಪ್ರಶ್ನೆ: ಎರಡನೇ ಮಹಾಯುದ್ಧದ ಬ್ರಿಟಿಷ್ ಹಡಗುಗಳ ಬಗ್ಗೆ ಓದುವಾಗ ‘ಎಚ್‌ಎಂಎಸ್ ಬರ್ನ್‌ಬೆಕ್’ ಅನ್ನುವ ಹೆಸರು ಸಿಕ್ಕಿತು. ಅದು ಎಲ್ಲಿ ಮುಳುಗಿತು ಅಂತ ಹುಡುಕಿದರೆ ಪ್ರತಿಸಲ ಒಂದು ಪಾಳುಬಿದ್ದ ಜೆಟ್ಟಿಯ ಫೋಟೊ ಬರುತ್ತದೆ. ಏನಿದು?

ಉತ್ತರ: ಫೋಟೊ ಸರಿಯಾಗಿಯೇ ಬಂದಿದೆ. ಆ ಜೆಟ್ಟಿಯೇ ಎಚ್‌ಎಂಎಸ್ ಬರ್ನ್‌ಬೆಕ್. ಮುಳುಗೋಕೆ ಅದು ಹಡಗೇ ಅಲ್ಲ.

ಬ್ರಿಟಿಷ್ ನೌಕಾಪಡೆ ದಡದ ಮೇಲಿನ ನೆಲೆಗಳಿಗೂ ಹಡಗಿನ ಹೆಸರನ್ನೇ ಇಡುತ್ತದೆ. ಹಿಂದೆ ನೌಕಾಪಡೆಯ ಶಿಸ್ತಿನ ಕಾನೂನು ಒಬ್ಬ ಆಳಿಗೆ ತಾಗಬೇಕಾದರೆ ಅವನ ಹೆಸರು ಯಾವುದಾದರೂ ಹಡಗಿನ ದಾಖಲೆಯಲ್ಲಿ ಇರಬೇಕಿತ್ತು, ಅದಕ್ಕೇ ಈ ಏರ್ಪಾಡು. ನಮ್ಮಲ್ಲೂ ಇದೇ ರೂಢಿ. ಕಾರವಾರದ ಐಎನ್‌ಎಸ್ ಕದಂಬ ತೇಲುವುದಿಲ್ಲ, ಅಲ್ವಾ?

ಬರ್ನ್‌ಬೆಕ್ ಇರುವುದು ಇಂಗ್ಲೆಂಡಿನ ವೆಸ್ಟನ್ ಸೂಪರ್ ಮೇರ್ ಊರಿನಲ್ಲಿ. 1867ರಲ್ಲಿ ತೆರೆದ ಕಬ್ಬಿಣದ ಜೆಟ್ಟಿ, ದಡದಿಂದ ಹೊರಟು ಒಂದು ಪುಟ್ಟ ದ್ವೀಪ ಮುಟ್ಟುತ್ತದೆ. ವೇಲ್ಸ್ ಕಡೆಯಿಂದ ಸ್ಟೀಮರ್‌ನಲ್ಲಿ ಬಂದ ಜನ ಇಲ್ಲಿ ಇಳಿದು ಮೋಜು ಮಾಡಿ ಸಂಜೆಗೆ ವಾಪಸ್ ಹೋಗುತ್ತಿದ್ದರು. 1941ರಲ್ಲಿ ನೌಕಾಪಡೆ ಬಂತು, ಮೋಜು ನಿಂತಿತು. ಹೊಸ ಹೊಸ ಆಯುಧ ಕಂಡುಹಿಡಿಯುವ ಒಂದು ಗುಪ್ತ ವಿಭಾಗ ಅಲ್ಲಿ ಬಿಡಾರ ಹೂಡಿತು. ಅದರ ಮುಖ್ಯಸ್ಥ ಕೆನಡಾದ ವಿಜ್ಞಾನಿ ಚಾರ್ಲ್ಸ್ ಗುಡೀವ್. ಕಾದಂಬರಿಕಾರ ನೆವಿಲ್ ಶೂಟ್ ಕೂಡ ಆ ವಿಭಾಗದಲ್ಲೇ ಎಂಜಿನಿಯರ್ ಆಗಿದ್ದ.

ಈ ಜಾಗವೇ ಯಾಕೆ ಅಂದರೆ, ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಮಜಾ ಇರುವುದೇ ಇಲ್ಲಿ. ಈ ಊರಿನ ಮುಂದಿರುವ ಸಮುದ್ರ, ಅಂದರೆ ಬ್ರಿಸ್ಟಲ್ ಚಾನೆಲ್‌ನಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಜಗತ್ತಿನಲ್ಲೇ ಅತಿ ಜಾಸ್ತಿ ಇರುವ ಕಡೆಗಳಲ್ಲೊಂದು, ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನಲ್ಲಿ 10 ಮೀಟರಿಗೂ ಮೇಲೆ, ಅಂದರೆ ಮೂರಂತಸ್ತಿನ ಮನೆಯಷ್ಟು ನೀರು ದಿನಕ್ಕೆರಡು ಸಲ ಬಂದು ಹೋಗುತ್ತದೆ. ಉಬ್ಬರ ಇದ್ದಾಗ ಆಯುಧವನ್ನು ಸಮುದ್ರಕ್ಕೆ ಹಾರಿಸು, ಇಳಿತದಲ್ಲಿ ಹೋಗಿ ಎತ್ತಿಕೊಂಡು ಬಂದು ಏನಾಗಿದೆ ನೋಡು. ಮುಳುಗುಗಾರರ ಕೆಲಸವನ್ನು ಸಮುದ್ರವೇ ಬಿಟ್ಟಿಯಾಗಿ ಮಾಡಿಕೊಡುತ್ತಿತ್ತು! ಜೊತೆಗೆ ಜೆಟ್ಟಿಯ ಬಾಗಿಲು ಹಾಕಿದರೆ ಸಾಕು, ಊರಿನ ಜನ ಯಾರೂ ಹತ್ತಿರ ಸುಳಿಯುವಂತಿಲ್ಲ.

ಪ್ರಶ್ನೆ: ನೀರಿನ ಮೇಲೆ ಪುಟಿಯುತ್ತಾ ಹೋಗಿ ಜರ್ಮನಿಯ ಅಣೆಕಟ್ಟು ಒಡೆದ ಬಾಂಬ್ ಅಲ್ಲೇ ತಯಾರಾಯಿತಂತೆ, ನಿಜವೇ?

ಉತ್ತರ: ಇಲ್ಲ. ಅದು ಬ್ರಿಟಿಷ್ ಎಂಜಿನಿಯರ್ ಬಾರ್ನ್ಸ್ ವಾಲಿಸ್ ಅವರ ಕೂಸು. 1943ರ ಮೇ ತಿಂಗಳ ದಾಳಿಗೆ ಮುಂಚೆ ಅದರ ಹೆಸರಾಂತ ಪರೀಕ್ಷೆಗಳು ನಡೆದದ್ದು ಇಂಗ್ಲೆಂಡಿನ ಬೇರೆ ಕಡಲತೀರಗಳಾದ ಚೆಸಿಲ್ ಬೀಚ್ ಮತ್ತು ರಿಕಲ್ವರ್‌ನಲ್ಲಿ. ಗುಡೀವ್ ತಂಡದ ದೊಡ್ಡ ಗೆಲುವು ‘ಹೆಜ್‌ಹಾಗ್’. ಒಂದೇ ಸಲಕ್ಕೆ 24 ಸಣ್ಣ ಬಾಂಬ್‌ಗಳನ್ನು ಹಡಗಿನ ಮುಂದಕ್ಕೆ ಎಸೆಯುತ್ತಿತ್ತು. ಸಬ್‌ಮರೀನ್‌ಗೆ ತಗುಲಿದರೆ ಮಾತ್ರ ಸಿಡಿತ, ಇಲ್ಲದಿದ್ದರೆ ಸುಮ್ನೆ ತಳ ಸೇರುತ್ತಿದ್ದವು. ಸುಮ್ಮಸುಮ್ಮನೆ ಸಿಡಿಯದ ಕಾರಣ, ಶಬ್ದದಿಂದ ಸಬ್‌ಮರೀನ್ ಪತ್ತೆಹಚ್ಚುವ ಸೋನಾರ್‌ನ ಕಿವಿ ಕಿವುಡಾಗುತ್ತಿರಲಿಲ್ಲ. ಅಮೆರಿಕದ ಯುಎಸ್‌ಎಸ್ ಇಂಗ್ಲೆಂಡ್ ಅನ್ನುವ ಒಂದೇ ಹಡಗು 1944ರ ಮೇ ತಿಂಗಳಲ್ಲಿ ಇದೇ ಆಯುಧದಿಂದ ಜಪಾನಿನ ಆರು ಸಬ್‌ಮರೀನ್ ಮುಳುಗಿಸಿತು.

ದೊಡ್ಡ ಸೋಲೂ ಇದೆ. ಅದರ ಹೆಸರು ‘ಪಾಂಜಾಂಡ್ರಂ’, ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಕಡಲತೀರದ ಮರಳಿನಲ್ಲಿ ಓಡಿಸಿ ನೋಡಿದ್ದು. ಸುಮಾರು ಮೂರು ಮೀಟರ್ ಎತ್ತರದ ಎರಡು ಚಕ್ರ, ನಡುವೆ ಮದ್ದು ತುಂಬುವ ಪೀಪಾಯಿ, ಸುತ್ತ ರಾಕೆಟ್‌ಗಳು. ಶತ್ರುವಿನ ಕಾಂಕ್ರೀಟ್ ಗೋಡೆ ಒಡೆಯಲಿ ಅಂತ ಕಟ್ಟಿದ ಯಂತ್ರ ನೋಡಲು ಬಂದ ಅಧಿಕಾರಿಗಳ ಕಡೆಗೇ ತಿರುಗಿತು, ಅವರು ಎದ್ದು ಬಿದ್ದು ಓಡಿದರು. ಯೋಜನೆ ಅಲ್ಲಿಗೇ ಮುಗಿಯಿತು.

ಪ್ರಶ್ನೆ: ಹಾಗಾದರೆ ಜೆಟ್ಟಿ ಪಾಳುಬಿದ್ದದ್ದು ಯುದ್ಧದಿಂದಲೇ?

ಉತ್ತರ: ಅಲ್ಲ. ಯುದ್ಧ ಮುಗಿದ ಮೇಲೆ ಪ್ರವಾಸಿಗರು ಮತ್ತೆ ಬಂದರು. ಕೆಡವಿದ್ದು ಬಿರುಗಾಳಿ, ತುಕ್ಕು ಮತ್ತು ರಿಪೇರಿಗೆ ದುಡ್ಡು ಹಾಕುವವರು ಇಲ್ಲದ್ದು. 1994ರಿಂದ ಜನರಿಗೆ ಪ್ರವೇಶ ಇಲ್ಲ. ದ್ವೀಪದಲ್ಲಿದ್ದ, ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ಲೈಫ್‌ಬೋಟ್‌ನವರು ಕೂಡ ಕೊನೆಗೆ ಆ ಜೆಟ್ಟಿಯನ್ನು ನಂಬಲಾರದೆ ಬೇರೆ ಕಡೆ ಹೋದರು. 2023ರಲ್ಲಿ ಅಲ್ಲಿನ ಸ್ಥಳೀಯ ಕೌನ್ಸಿಲ್ ಅದನ್ನು ಕೊಂಡುಕೊಂಡಿದೆ, ದುರಸ್ತಿ ಮಾಡುವ ಉದ್ದೇಶದಿಂದಲೇ.