ಭೂವಿಜ್ಞಾನ ಪಾಠಗಳ ಡಿಜಿಟಲ್ ಗ್ರಂಥಾಲಯ: ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ನಾವು ಕೆಲವು ಶಿಕ್ಷಕರು ಸೇರಿ ಭೂವಿಜ್ಞಾನದ ಪಾಠ, ನಕ್ಷೆ, ವಿಡಿಯೊ, ಶಿಲೆಗಳ ಫೋಟೊಗಳನ್ನು ಒಂದೇ ಫೋಲ್ಡರಿಗೆ ಹಾಕುತ್ತಾ ಬಂದಿದ್ದೇವೆ. ಫೈಲುಗಳು ರಾಶಿ ಬಿದ್ದಿವೆ, ಬೇಕಾದಾಗ ಬೇಕಾದ್ದು ಸಿಗುವುದಿಲ್ಲ. ಇದನ್ನು ಗ್ರಂಥಾಲಯವಾಗಿಸಲು ಎಲ್ಲಿಂದ ಶುರುಮಾಡಬೇಕು?

ಉತ್ತರ: ಸಾಫ್ಟ್‌ವೇರ್ ಹುಡುಕುವುದನ್ನು ಸದ್ಯಕ್ಕೆ ಬದಿಗಿಡಿ. ಯಾವ ತರಗತಿಗಳಿಗೆ, ಯಾವ ವಿಷಯಗಳಿಗೆ, ಯಾವ ಭಾಷೆಗಳಲ್ಲಿ ಸಂಗ್ರಹ ಎಂಬುದನ್ನು ಒಂದು ಪುಟದಲ್ಲಿ ಬರೆಯಿರಿ. ಯಾವುದನ್ನು ಸೇರಿಸುವುದಿಲ್ಲ ಎಂಬುದೂ ಅದೇ ಪುಟದಲ್ಲಿರಲಿ. ಈ ಪುಟವಿಲ್ಲದಿದ್ದರೆ ಬಂದದ್ದೆಲ್ಲ ಒಳಗೆ ಸೇರಿ, ಫೋಲ್ಡರಿನ ಅವಸ್ಥೆಯೇ ಮರುಕಳಿಸುತ್ತದೆ.

ಆಮೇಲೆ ಒಂದೇ ವಿಷಯ ತೆಗೆದುಕೊಳ್ಳಿ, ಭೂಕಂಪ ಎನ್ನೋಣ. ಅದರ 50 ಸಂಪನ್ಮೂಲಗಳಿಗೆ ಸ್ಪ್ರೆಡ್‌ಶೀಟಿನಲ್ಲಿ ಪೂರ್ಣ ವಿವರ ತುಂಬಿ. ವಿವರಗಳ ಚೌಕಟ್ಟಿಗೆ, ಸಂಪನ್ಮೂಲಗಳ ವಿವರ ದಾಖಲಿಸಲು ಬಳಸುವ ಡಬ್ಲಿನ್ ಕೋರ್ ಎಂಬ ಮಾದರಿ ಸಾಕು. ಶೀರ್ಷಿಕೆ, ಕರ್ತೃ, ವಿಷಯ, ವಿವರಣೆ, ದಿನಾಂಕ, ಭಾಷೆ, ಹಕ್ಕು ಹೀಗೆ ಅದರ ಮೂಲ ಪಟ್ಟಿಯಲ್ಲಿ 15 ಅಂಶಗಳಿವೆ. ತರಗತಿಯ ಮಟ್ಟ, ಬೇಕಾಗುವ ಅವಧಿ, ಬೇಕಾಗುವ ಸಾಮಗ್ರಿ ಈ 15ರಲ್ಲಿ ಇಲ್ಲ. ಶಿಕ್ಷಕರು ಮೊದಲು ಕೇಳುವುದು ಇವನ್ನೇ, ಆದ್ದರಿಂದ ಈ ಮೂರು ಕಾಲಂಗಳನ್ನು ನೀವೇ ಸೇರಿಸಿಕೊಳ್ಳಿ.

ಹೆಚ್ಚು ಶ್ರಮ ಬೇಡುವುದು ವಿವರಣೆ. "ಭೂಕಂಪದ ಬಗ್ಗೆ ಉತ್ತಮ ಪಾಠ" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. "ಮೂರು ಕೇಂದ್ರಗಳ ಕಂಪನ ದಾಖಲೆಯಲ್ಲಿ ಪಿ (ಮೊದಲು ಬರುವ) ಮತ್ತು ಎಸ್ (ನಂತರ ಬರುವ) ಅಲೆಗಳು ತಲುಪಿದ ಸಮಯದ ಅಂತರ ಅಳೆದು, ನಕ್ಷೆಯ ಮೇಲೆ ಮೂರು ವೃತ್ತ ಎಳೆದು ಅಧಿಕೇಂದ್ರ ಗುರುತಿಸುವ ಚಟುವಟಿಕೆ. ಕೈವಾರ, ಸ್ಕೇಲ್ ಬೇಕು. 45 ನಿಮಿಷ." ಹೀಗೆ ವಿದ್ಯಾರ್ಥಿ ಏನು ಮಾಡುತ್ತಾನೆ ಎಂಬುದನ್ನು ಬರೆಯಿರಿ. ಹುಡುಕಾಟಕ್ಕೆ ಸಿಗುವ ಪದಗಳೂ ಇಂಥ ವಿವರಣೆಯಲ್ಲೇ ಇರುತ್ತವೆ.

ವಿಷಯದ ಕಾಲಂನಲ್ಲಿ ಕೈಯಾರೆ ಟೈಪ್ ಮಾಡಲು ಬಿಡಬೇಡಿ. ಭೂಮಿಯ ಹೊರಪದರದ ಬೃಹತ್ ತುಂಡುಗಳನ್ನು ಒಬ್ಬರು ಭೂಫಲಕ ಎಂದು, ಇನ್ನೊಬ್ಬರು ಶಿಲಾಫಲಕ ಎಂದು, ಮತ್ತೊಬ್ಬರು ಪ್ಲೇಟ್ ಎಂದು ಬರೆದರೆ ಒಂದೇ ವಿಷಯ ಮೂರು ಕಡೆ ಚದುರುತ್ತದೆ. ಒಪ್ಪಿಕೊಂಡ ಪಟ್ಟಿಯಿಂದ ಆಯ್ದುಕೊಳ್ಳುವಂತಿರಲಿ.

ಭೂವಿಜ್ಞಾನಕ್ಕೇ ವಿಶಿಷ್ಟವಾದ ತೊಡಕು ಕಾಲ ಮತ್ತು ಸ್ಥಳದ್ದು. ಶಿಲೆಯ ಫೋಟೊಕ್ಕೆ ಎರಡು ಕಾಲಗಳುಂಟು: ಫೋಟೊ ತೆಗೆದ ದಿನ ಮತ್ತು ಶಿಲೆಯ ವಯಸ್ಸು. ಇವು ಬೇರೆ ಬೇರೆ ಕಾಲಂನಲ್ಲಿರಬೇಕು. ಸ್ಥಳವನ್ನು ದಶಮಾಂಶ ಡಿಗ್ರಿಯಲ್ಲಿ ಬರೆದು, ಅಕ್ಷಾಂಶಕ್ಕೆ ಒಂದು ಕಾಲಂ, ರೇಖಾಂಶಕ್ಕೆ ಇನ್ನೊಂದು ಕೊಡಿ. ಎರಡನ್ನೂ ಒಟ್ಟಿಗೆ ಬರೆದರೆ ಅದಲುಬದಲಾಗುತ್ತವೆ. ಮಾತಿನಲ್ಲಿ ನಾವು ಅಕ್ಷಾಂಶವನ್ನು ಮೊದಲು ಹೇಳುತ್ತೇವೆ, ನಕ್ಷೆಯ ಮಾಹಿತಿ ಇಡುವ ಜಿಯೊಜೇಸನ್ ಎಂಬ ಫೈಲ್ ಮಾದರಿಯಲ್ಲಿ ರೇಖಾಂಶ ಮೊದಲು ಬರುತ್ತದೆ. ಪೆಸಿಫಿಕ್ ಭೂಫಲಕದಂತೆ 180 ಡಿಗ್ರಿ ರೇಖಾಂಶವನ್ನು ದಾಟುವ ನಕ್ಷೆಗಳಲ್ಲಿ ಪಶ್ಚಿಮ ಅಂಚಿನ ಸಂಖ್ಯೆ ಪೂರ್ವದ್ದಕ್ಕಿಂತ ದೊಡ್ಡದಿರುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಇದನ್ನು ತಪ್ಪೆಂದು ತಿರಸ್ಕರಿಸುತ್ತವೆ, ಇಲ್ಲವೇ ಭೂಮಿಯ ಉಳಿದ ಭಾಗವನ್ನು ತೋರಿಸುತ್ತವೆ. ಅಂಥ ಪ್ರದೇಶವನ್ನು 180 ಡಿಗ್ರಿಯಲ್ಲಿ ಭಾಗಮಾಡಿ ಎರಡು ಚೌಕಗಳಾಗಿ ದಾಖಲಿಸಿ.

ಪಳೆಯುಳಿಕೆ ಸಿಕ್ಕ ಜಾಗದ ನಿಖರ ಅಕ್ಷಾಂಶ-ರೇಖಾಂಶವನ್ನು ಮಾತ್ರ ಸಾರ್ವಜನಿಕವಾಗಿ ತೋರಿಸಬೇಡಿ. ಅಗೆದು ಒಯ್ಯುವವರಿಗೆ ದಾರಿ ತೋರಿಸಿದಂತಾಗುತ್ತದೆ. ಪಾಠಕ್ಕೆ ಪ್ರದೇಶದ ಹೆಸರು ಸಾಕು.

ಪ್ರಶ್ನೆ: ಹಳೆಯ ಪಾಠಗಳಲ್ಲಿ ತಪ್ಪುಗಳಿವೆ ಎಂಬ ಅನುಮಾನವಿದೆ. ಪರಿಶೀಲನೆಯಲ್ಲಿ ಏನನ್ನು ನೋಡಬೇಕು?

ಉತ್ತರ: ಮೊದಲು ಭೂಮಿಯ ಇತಿಹಾಸವನ್ನು ಯುಗಗಳಾಗಿ ವಿಂಗಡಿಸುವ ಕಾಲಮಾನದ ಪಟ್ಟಿಗಳನ್ನು ನೋಡಿ. ಹಿಮಯುಗಗಳ ಕಾಲವಾದ ಪ್ಲೀಸ್ಟೊಸೀನ್ ಆರಂಭವನ್ನು 2009ರಲ್ಲಿ ಸುಮಾರು 18 ಲಕ್ಷ ವರ್ಷಗಳಿಂದ 25.8 ಲಕ್ಷ ವರ್ಷಗಳ ಹಿಂದಕ್ಕೆ ಸರಿಸಲಾಯಿತು. 2018ರಲ್ಲಿ, ನಾವೀಗ ಇರುವ ಹೋಲೊಸೀನ್ ಮೂರು ಭಾಗವಾಯಿತು. ಅದರ ಕೊನೆಯ ಭಾಗಕ್ಕೆ ಮೇಘಾಲಯನ್ ಎಂಬ ಹೆಸರು ಬಂದದ್ದು ಮೇಘಾಲಯದ ಮಾವ್‌ಮ್ಲುಹ್ ಗುಹೆಯ ಸುಣ್ಣದ ನಿಕ್ಷೇಪದಿಂದ. ಮಾನವನ ಪ್ರಭಾವದ ಕಾಲವೆನ್ನುವ ಆಂಥ್ರೊಪೊಸೀನ್ ಅನ್ನು ಅಧಿಕೃತ ಯುಗವಾಗಿಸುವ ಪ್ರಸ್ತಾಪ 2024ರಲ್ಲಿ ತಿರಸ್ಕೃತವಾಯಿತು. ಆದ್ದರಿಂದ ಪ್ರತಿ ಪಟ್ಟಿಯ ಜೊತೆ ಅದು ಯಾವ ವರ್ಷದ ಆವೃತ್ತಿ ಎಂದು ನಮೂದಿಸಲೇಬೇಕು.

ಮುಂದಿನದು ಚಿತ್ರಗಳು. ಭೂಮಿಯ ಕವಚವನ್ನು (ಹೊರ ಚಿಪ್ಪು ಮತ್ತು ಗರ್ಭದ ನಡುವಿನ ಪದರ, ಮ್ಯಾಂಟಲ್) ಕುದಿಯುವ ಕೆಂಪು ದ್ರವದಂತೆ ಬರೆದ ಚಿತ್ರ ಕಂಡರೆ ತಡೆಹಿಡಿಯಿರಿ. ಕವಚ ಬಹುಪಾಲು ಘನ, ಅತಿ ನಿಧಾನವಾಗಿ ಹರಿಯುತ್ತದೆ ಅಷ್ಟೆ. ದ್ರವದಲ್ಲಿ ಸಾಗಲಾರದ ಎಸ್ ಅಲೆಗಳು ಕವಚದಲ್ಲಿ ಸಾಗಿ, ಹೊರ ಗರ್ಭದಲ್ಲಿ ನಿಲ್ಲುವುದೇ ಇದಕ್ಕೆ ಸಾಕ್ಷಿ. ಭೂಮಿಯ ಕಕ್ಷೆಯನ್ನು ಉದ್ದನೆಯ ಮೊಟ್ಟೆಯಂತೆ ತೋರಿಸುವ ಋತುಗಳ ಚಿತ್ರವೂ ದಾರಿ ತಪ್ಪಿಸುತ್ತದೆ. ಸೂರ್ಯನಿಗೆ ಭೂಮಿ ಅತಿ ಹತ್ತಿರವಿರುವುದು ಜನವರಿ ಆರಂಭದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ಅತಿ ದೂರವಿರುವುದು ಜುಲೈನಲ್ಲಿ, ಸುಮಾರು 15.2 ಕೋಟಿ ಕಿ.ಮೀ. ಋತುಗಳಿಗೆ ಕಾರಣ ಅಕ್ಷದ ಓರೆ. ಭೂಕಂಪದ ಪಾಠಗಳಲ್ಲಿ ಪರಿಮಾಣ (ಮ್ಯಾಗ್ನಿಟ್ಯೂಡ್) 1 ಏರಿದರೆ ಶಕ್ತಿ 10 ಪಟ್ಟು ಎಂದು ಬರೆದಿರುವುದುಂಟು. 10 ಪಟ್ಟಾಗುವುದು ಅಲೆಯ ಎತ್ತರ, ಶಕ್ತಿ ಸುಮಾರು 32 ಪಟ್ಟು.

ಅಳತೆಪಟ್ಟಿಯಿಲ್ಲದ ಶಿಲೆಯ ಫೋಟೊ, ಎತ್ತರವನ್ನು ಎಷ್ಟು ಪಟ್ಟು ಹಿಗ್ಗಿಸಿದೆ ಎಂದು ತಿಳಿಸದ ಭೂಪದರಗಳ ಅಡ್ಡಛೇದ ಚಿತ್ರ, ಇವೆರಡನ್ನೂ ತಿದ್ದಿದ ಮೇಲೆಯೇ ಸೇರಿಸಿ.

ಪ್ರತಿ ಪಾಠವನ್ನು ವಿಷಯ ಬಲ್ಲ ಒಬ್ಬರು ಮತ್ತು ಅದನ್ನು ತರಗತಿಯಲ್ಲಿ ಬಳಸಬಲ್ಲ ಒಬ್ಬ ಶಿಕ್ಷಕರು ನೋಡಲಿ. ವಿಜ್ಞಾನ ಸರಿಯಿದ್ದೂ ತರಗತಿಯಲ್ಲಿ ನಡೆಯದ ಪಾಠಗಳು ಧಾರಾಳವಾಗಿವೆ. ಹಳತಾದದ್ದನ್ನು ಅಳಿಸಬೇಡಿ. "ಹಳೆಯ ಆವೃತ್ತಿ" ಎಂದು ಗುರುತಿಸಿ ಹೊಸದಕ್ಕೆ ಕೊಂಡಿ ಕೊಡಿ.

ಪ್ರಶ್ನೆ: ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುವ ಪಾಠಗಳನ್ನು ಕನ್ನಡಕ್ಕೆ ಅನುವಾದಿಸಿ ಸೇರಿಸಬಹುದೇ?

ಉತ್ತರ: ಉಚಿತವಾಗಿ ನೋಡಬಹುದು ಎಂದಮಾತ್ರಕ್ಕೆ ನಕಲು ಮಾಡುವ ಹಕ್ಕು ಬರುವುದಿಲ್ಲ. ಕರ್ತೃವೇ ಬಳಕೆಗೆ ಷರತ್ತುಬದ್ಧ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಿವೈ ಎಂದಷ್ಟೇ ಇದ್ದರೆ ಕರ್ತೃವಿನ ಹೆಸರು ಹೇಳಿ, ಲೈಸೆನ್ಸ್‌ಗೆ ಕೊಂಡಿ ಕೊಟ್ಟು, ಬದಲಾಯಿಸಿದ್ದನ್ನು ತಿಳಿಸಿ ಅನುವಾದಿಸಬಹುದು. ಎಸ್‌ಎ ಇದ್ದರೆ ನಿಮ್ಮ ಅನುವಾದಕ್ಕೂ ಅದೇ ಲೈಸೆನ್ಸ್ ಕೊಡಬೇಕು. ಎನ್‌ಸಿ ಇದ್ದರೆ ವಾಣಿಜ್ಯ ಬಳಕೆ ಸಲ್ಲದು. ಎನ್‌ಡಿ ಇದ್ದರೆ ಅನುವಾದವನ್ನು ಹಂಚುವಂತಿಲ್ಲ. ಬಹಳ ಜನ ಎಡವುವುದು ಇಲ್ಲೇ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಸಿಬ್ಬಂದಿ ತಯಾರಿಸಿದ ಸಾಮಗ್ರಿ ಆ ದೇಶದಲ್ಲಿ ಹಕ್ಕುಮುಕ್ತ. ಆದರೆ ಅದೇ ಪುಟದಲ್ಲಿ ಬೇರೆಯವರ ಫೋಟೊ ಇರಬಹುದು, ಚಿತ್ರದ ಕೆಳಗಿನ ಹೆಸರನ್ನು ಓದಿ. ಲೈಸೆನ್ಸ್ ಏನೂ ಬರೆದಿಲ್ಲದಿದ್ದರೆ ಕೊಂಡಿ ಮಾತ್ರ ಕೊಡಿ, ಇಲ್ಲವೇ ಲಿಖಿತ ಅನುಮತಿ ಪಡೆದು ಅದನ್ನೂ ದಾಖಲೆಯ ಜೊತೆ ಇಡಿ.

ಪ್ರಶ್ನೆ: ಕೊಂಡಿಗಳು ಸಾಯುತ್ತವೆ, ಹಳೆಯ ಫೈಲುಗಳು ತೆರೆಯುವುದಿಲ್ಲ. ತಡೆಯುವುದು ಹೇಗೆ?

ಉತ್ತರ: ಕೊಂಡಿಗಳನ್ನು ತಿಂಗಳಿಗೊಮ್ಮೆ ತಂತ್ರಾಂಶದಿಂದ ಪರೀಕ್ಷಿಸಿ. ಪುಟ ತೆರೆದುಕೊಂಡರೂ ಒಳಗಿನ ವಿಷಯ ಬದಲಾಗಿರಬಹುದು, ಅದು ತಂತ್ರಾಂಶಕ್ಕೆ ತಿಳಿಯುವುದಿಲ್ಲ. ವರ್ಷಕ್ಕೊಮ್ಮೆ ಕಣ್ಣಾರೆ ನೋಡಬೇಕು. ಅಡೋಬಿ ಫ್ಲ್ಯಾಶ್ 2020ರ ಕೊನೆಗೆ ನಿಂತಾಗ ಬ್ರೌಸರಿನಲ್ಲಿ ಅದರ ಅನಿಮೇಷನ್‌ಗಳು ನಡೆಯದಾದವು. ಅವುಗಳಲ್ಲಿ ಕೆಲವನ್ನು ರಫಲ್ ಎಂಬ ಮುಕ್ತ ತಂತ್ರಾಂಶದಿಂದ ಮತ್ತೆ ನಡೆಸಬಹುದು.

ಮೂಲ ಫೈಲನ್ನು ಹಾಗೇ ಉಳಿಸಿ, ಜೊತೆಗೆ ಬಹುಕಾಲ ತೆರೆಯಬಲ್ಲ ಮಾದರಿಗಳಲ್ಲಿ, ಅಂದರೆ ಬರಹಕ್ಕೆ ಪಿಡಿಎಫ್/ಎ, ಚಿತ್ರಕ್ಕೆ ಟಿಫ್, ಅಂಕಿಅಂಶಕ್ಕೆ ಸಿಎಸ್‌ವಿ ಪ್ರತಿ ಮಾಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಾಠಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಇಲ್ಲದಿದ್ದರೆ ಹುಡುಕಾಟದಲ್ಲಿ ಅವು ಸಿಗವು. ಜಿಯೊಟಿಫ್ ನಕ್ಷೆಯನ್ನು ಸಾಮಾನ್ಯ ಫೋಟೊ ಎಡಿಟರ್‌ನಲ್ಲಿ ತೆರೆದು ಸೇವ್ ಮಾಡಿದರೆ ಅದರ ಸ್ಥಳ ಮಾಹಿತಿ ಅಳಿದುಹೋಗಬಹುದು. ಶೇಪ್‌ಫೈಲ್ ಎಂಬುದು ನಕ್ಷೆಯ ಮಾಹಿತಿ ಇಡುವ ಹಲವು ಫೈಲುಗಳ ಗುಂಪು. ಅದರಲ್ಲಿ ಪಿಆರ್‌ಜೆ ಫೈಲ್ ಕಳೆದುಹೋದರೆ ಯಾವ ನಿರ್ದೇಶಾಂಕ ಪದ್ಧತಿ ಬಳಸಿದೆ ಎಂಬುದೇ ತಿಳಿಯದು, ಹಾಗಾಗಿ ಎಲ್ಲವನ್ನೂ ಒಂದೇ ಜಿಪ್‌ನಲ್ಲಿಡಿ.

ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಕೇತ) ಲೆಕ್ಕಹಾಕಿ ಬರೆದಿಟ್ಟರೆ ಮುಂದೆ ಫೈಲ್ ಕೆಟ್ಟದ್ದು ಗೊತ್ತಾಗುತ್ತದೆ. ಈ ಹಂತಕ್ಕೆ ಬಂದ ಮೇಲೆ ಸಾಫ್ಟ್‌ವೇರ್ ಆರಿಸಿ. ಪ್ರದರ್ಶನದಂಥ ಚಿಕ್ಕ ಸಂಗ್ರಹಕ್ಕೆ ಒಮೆಕಾ, ಶಾಶ್ವತ ಗುರುತು ಸಂಖ್ಯೆ ಬೇಕಾದ ದೊಡ್ಡ ಸಂಗ್ರಹಕ್ಕೆ ಡಿಸ್ಪೇಸ್. ಎರಡೂ ಮುಕ್ತ ತಂತ್ರಾಂಶಗಳು. ಆದರೆ ಡಿಸ್ಪೇಸ್ ನಡೆಸಲು ಸರ್ವರ್ ನೋಡಿಕೊಳ್ಳಬಲ್ಲ ಒಬ್ಬರು ಬೇಕೇ ಬೇಕು, ಅಂಥವರಿಲ್ಲದಿದ್ದರೆ ಒಮೆಕಾದಲ್ಲೇ ಇರಿ.