ಉದ್ಘಾಟನೆಯ ದೀಪ, ಕಾಫಿ ಗ್ಯಾಲರಿಯೊಳಗೆ ಬೇಡ

ಜಲವರ್ಣ ಪ್ರದರ್ಶನದ ಉದ್ಘಾಟನೆ ಸಂಜೆ 7ಕ್ಕೆ, 120 ಅತಿಥಿಗಳು. ದೀಪ, ಕಾಫಿ, ಬೋಂಡಾ ಎಲ್ಲ ಚಿತ್ರಗಳಿರುವ ಹಾಲಿನಲ್ಲೇ ಇಡಬಹುದೇ ಎಂದು ಕೇಳಿದ್ದೀರಿ. ಬೇಡ. ಎಣ್ಣೆದೀಪದ ಮಸಿ ಕಾಗದದ ಮೇಲೆ ಕೂತರೆ ಒರೆಸಿ ತೆಗೆಯಲಾಗದು. ಕೆಳಗೆ ಬಿದ್ದ ತಿಂಡಿಯ ಚೂರುಗಳಿಗೆ ಇರುವೆ, ಜಿರಲೆ ಬರುತ್ತವೆ. ಜಿರಲೆ ಕಾಗದವನ್ನೂ ಬಿಡುವುದಿಲ್ಲ. ದೀಪ, ತಿಂಡಿ-ಕಾಫಿ ಎರಡನ್ನೂ ಹೊರಗಿನ ಪಡಸಾಲೆಗೆ ಹಾಕಿ, ಹೂವಿನ ಅಲಂಕಾರವೂ ಅಲ್ಲೇ (ಹೂವಿನಲ್ಲೂ ಹುಳು ಇರುತ್ತದೆ). ಬಾಗಿಲಲ್ಲಿ ಒಬ್ಬರು ನಿಂತು ಕೈಯಲ್ಲಿರುವ ಲೋಟ ಇಸಿದುಕೊಳ್ಳಲಿ.

ಜನರ ಉಸಿರು, ಬೆವರಿನಿಂದ ತೇವ ಏರುತ್ತದೆ. ಹಾಲು ಚಿಕ್ಕದಾದರೆ ಒಮ್ಮೆಗೆ 30 ಜನರನ್ನಷ್ಟೇ ಬಿಡಿ. ಕೊನೆಯವರು ಹೋದ ತಕ್ಷಣ ಎಸಿ ಆರಿಸಬೇಡಿ.

ಜಲವರ್ಣಕ್ಕೆ ಸುಮಾರು 50 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕೇ ಮಿತಿ. ವಿಡಿಯೋದವರ ದೊಡ್ಡ ಲೈಟು ಅದನ್ನು ಎಷ್ಟೋ ಪಟ್ಟು ಮೀರುತ್ತದೆ, ಅದನ್ನು ಭಾಷಣದ ಜಾಗ ದಾಟಲು ಬಿಡಬೇಡಿ. ಭಾಷಣದ ಉದ್ದಕ್ಕೆ ಮಾತ್ರ ಮದ್ದಿಲ್ಲ.