‘ಅಸೆನ್ಷನ್’ ಎಲ್‌ಪಿ ಮೊದಲ ಮುದ್ರಣವೇ ಅಂತ ಗುರುತಿಸೋದು ಹೇಗೆ?

ಮೈಸೂರಲ್ಲಿ ಒಬ್ಬರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಕಾಲ್ಟ್ರೇನ್‌ನ ‘ಅಸೆನ್ಷನ್’ ಮಾರುತ್ತಿದ್ದಾರೆ, ಕಿತ್ತಳೆ ಲೇಬಲ್ ಇರೋದರಿಂದ ಮೊದಲ ಮುದ್ರಣ ಅಂತಾರೆ, ಮಂಡ್ಯದಿಂದ ಹೋಗಿ ಕೊಳ್ಳಬಹುದೇ, ಫ್ರೀ ಜ್ಯಾಜ್‌ನಲ್ಲಿ (ತಾಳ, ಸ್ವರಗಳ ಕಟ್ಟುಪಾಡು ಬಿಟ್ಟು ನುಡಿಸೋ ಜ್ಯಾಜ್) ಇನ್ನೇನು ತಗೋಬೇಕು ಅಂತ ಕೇಳಿದ್ದೀರಿ. ಬರೀ ಲೇಬಲ್ ನೋಡಿ ದುಡ್ಡು ಕೊಡಬೇಡಿ.

1965ರ ಜೂನ್ 28ರಂದು ಹನ್ನೊಂದು ಜನ ಸೇರಿ ಇದನ್ನು ಎರಡು ಸಲ ನುಡಿಸಿದರು. ಇಂಪಲ್ಸ್ ಕಂಪನಿ ಮೊದಲು ಹೊರತಂದದ್ದು ಒಂದು, ಕಾಲ್ಟ್ರೇನ್‌ಗೆ ಹಿಡಿಸಿದ್ದು ಇನ್ನೊಂದು. ಆಮೇಲಿನ ಮುದ್ರಣಗಳಲ್ಲಿ ಅವನಿಗೆ ಹಿಡಿಸಿದ್ದನ್ನೇ ಹಾಕಿದರು. ನಂಬರು ಮಾತ್ರ ಅದೇ: ಮೋನೋ ಎ-95, ಸ್ಟೀರಿಯೋ ಎಎಸ್-95. ಕಿತ್ತಳೆ-ಕಪ್ಪು ಲೇಬಲ್ ಎರಡಕ್ಕೂ ಸಿಗುತ್ತೆ. ಹಾಗಾಗಿ ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು, ಗೆರೆಗಳು ಮುಗಿದು ಲೇಬಲ್ ಶುರುವಾಗೋ ನಡುವಿನ ನುಣುಪು ಜಾಗ ನೋಡಿ. ಅಲ್ಲಿ ‘ಎಡಿಷನ್’ ಅಂತ, ಪಕ್ಕದಲ್ಲಿ ರೋಮನ್ ಎರಡು ಗೀರಿದ್ದರೆ ಅದು ಮೊದಲ ಮುದ್ರಣವಲ್ಲ. ಕೇಳಿಯೂ ಪತ್ತೆ ಹಚ್ಚಬಹುದು: ಎಲ್ವಿನ್ ಜೋನ್ಸ್‌ನ ಒಂಟಿ ಡ್ರಮ್ಸ್ ಬರೋದು ಮೊದಲು ಹೊರಬಂದದ್ದರಲ್ಲಿ ಮಾತ್ರ. ಕೇಳುವ ಸುಖಕ್ಕೆ ಆಮೇಲೆ ಬಂದದ್ದೇನೂ ಕಡಿಮೆಯಲ್ಲ, ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇಳಿಯಬೇಕು.

ಗೀರುಗಳಿಗಿಂತ ದೊಡ್ಡ ಅಪಾಯ ಸವೆತ. ಹಳೇ ಪ್ಲೇಯರ್‌ಗಳ ಭಾರದ ಮುಳ್ಳು ಗೆರೆಯನ್ನೇ ತಿಂದುಹಾಕಿರುತ್ತೆ, ಕಣ್ಣಿಗೆ ಪ್ಲೇಟು ಫಳಫಳ ಅಂತಲೇ ಇರುತ್ತೆ. ಈ ಸಂಗೀತದಲ್ಲಿ ಸ್ಯಾಕ್ಸೊಫೋನೇ ಕಿರುಚುವುದರಿಂದ ಮೋಸ ಹೋಗೋದು ಸುಲಭ. ಪ್ರತಿ ಬದಿಯ ಕೊನೇ ಮೂರು ನಿಮಿಷ ಹಾಕಿಸಿ ಕೇಳಿ, ಲೇಬಲ್ ಹತ್ತಿರ ಬಂದಷ್ಟೂ ಸವೆತ ಎದ್ದು ಕೇಳುತ್ತೆ. ಸ್ಯಾಕ್ಸ್ ಒರಟಾಗಿದ್ದು ಸಿಂಬಲ್ (ಡ್ರಮ್ಸ್ ಜೊತೆಯ ಲೋಹದ ತಟ್ಟೆ) ಶುದ್ಧವಾಗಿದ್ದರೆ ಅದು ವಾದಕನ ಕೆಲಸ. ಸಿಂಬಲ್, ಪಿಯಾನೋ ಕೂಡ ಮರಳು ಉಜ್ಜಿದಂತೆ ಕೇಳಿಸಿದರೆ ಮುಳ್ಳಿನ ಕೆಲಸ, ಯಾವ ತೊಳೆತಕ್ಕೂ ಸರಿಹೋಗಲ್ಲ.

ಇನ್ನೇನು ತಗೋಬೇಕು ಅಂದರೆ, ಸ್ಯಾಕ್ಸ್ ವಾದಕ ಆರ್ನೆಟ್ ಕೋಲ್ಮನ್‌ನ ‘ಫ್ರೀ ಜ್ಯಾಜ್’. ಧ್ವನಿಮುದ್ರಣ 1960ರ ಡಿಸೆಂಬರ್. ಎಡ ಸ್ಪೀಕರಲ್ಲಿ ನಾಲ್ಕು ಜನ, ಬಲ ಸ್ಪೀಕರಲ್ಲಿ ನಾಲ್ಕು ಜನ, ಆದ್ದರಿಂದ ಸ್ಟೀರಿಯೋನೇ ಬೇಕು. ಮೂಲ ಕವರಿನ ಮುಂದೆ ಕಿಟಕಿ ಕತ್ತರಿಸಿ ಒಳಗಿನ ಚಿತ್ರಕಾರ ಜ್ಯಾಕ್ಸನ್ ಪೊಲಾಕ್‌ನ ಚಿತ್ರ ಕಾಣುವಂತೆ ಮಾಡಿದ್ದಾರೆ, ಆ ಅಂಚು ಹರಿದಿದೆಯಾ ನೋಡಿ. ಆಲ್ಬರ್ಟ್ ಐಲರ್‌ನ ‘ಸ್ಪಿರಿಚುಯಲ್ ಯೂನಿಟಿ’ ಅರ್ಧ ಗಂಟೆಯೂ ಇಲ್ಲ, ಶುರು ಮಾಡೋಕೆ ಅದೇ ಒಳ್ಳೇದು. ಪೀಟರ್ ಬ್ರೋಟ್ಸ್‌ಮನ್ 1968ರಲ್ಲಿ ತಾನೇ ಹೊರತಂದ ‘ಮಷಿನ್ ಗನ್’ ಮೊದಲು ಅಚ್ಚಾದದ್ದು 300 ಪ್ರತಿ. ಅದರ ಹಿಂದೆ ಬೀಳಬೇಡಿ, ಮರುಮುದ್ರಣ ಸಾಕು. ಮೈಸೂರಿನ ಗುಜರಿಗಳಲ್ಲಿ ಚಿತ್ರಗೀತೆ ಸಿಕ್ಕೀತು, ಇವಲ್ಲ. ಹೊರದೇಶದಿಂದ ತರಿಸುವಾಗ ಪ್ಲೇಟನ್ನು ಕವರಿನಿಂದ ಹೊರಗಿಟ್ಟು ಪ್ಯಾಕ್ ಮಾಡಲು ಹೇಳಿ, ಇಲ್ಲವಾದರೆ ದಾರಿಯಲ್ಲಿ ಅಲುಗಾಡಿ ಕವರಿನ ಅಂಚು ಸೀಳುತ್ತೆ. ಕಸ್ಟಮ್ಸ್ ಸುಂಕವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ತೊಳೆಯೋಕೆ ಬೋರ್‌ವೆಲ್ ನೀರು ಬೇಡ, ಸುಣ್ಣ ಗೆರೆಯಲ್ಲಿ ಕೂರುತ್ತೆ. ಡಿಸ್ಟಿಲ್ಡ್ ವಾಟರ್ ನಾಲ್ಕು ಪಾಲು, ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು, ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ. ಲೇಬಲ್ ನೆನೆಯದಂತೆ ಗೆರೆಯ ಜಾಡಲ್ಲೇ ಒರೆಸಿ, ಬರೀ ಡಿಸ್ಟಿಲ್ಡ್ ವಾಟರಲ್ಲಿ ಇನ್ನೊಮ್ಮೆ ಒರೆಸಿ. ಬೂಷ್ಟು ಹಿಡಿದ ಒಳಗಿನ ಕಾಗದದ ಕವರ್ ಎಸೆಯಿರಿ, ಅದರಲ್ಲೇ ವಾಪಸ್ ಇಟ್ಟರೆ ಮಳೆಗಾಲಕ್ಕೆ ಮತ್ತೆ ಬರುತ್ತೆ. ಅಟ್ಟದಲ್ಲಿ ಸಿಗೋ 78 ಆರ್‌ಪಿಎಮ್ ಪ್ಲೇಟಿಗೆ ಮಾತ್ರ ಈ ದ್ರಾವಣ ಸೋಕಿಸಬೇಡಿ. ಅವು ಅರಗಿನವು, ಆಲ್ಕೋಹಾಲಿಗೆ ಕರಗುತ್ತವೆ.